ಒಂದೇ ಬಾಯಿಯ ಯಂತ್ರ

...ಅಲ್ಲ ಕಣೋ ಖುದೈರ್, ದೊಡ್ಡದು ಬೇಡ ಅಂದೆನಲ್ಲ! ಆ ಪೀಪಾಯಿಯಂಥ ವ್ಯಾಕ್ಯೂಮ್ ಯಂತ್ರ ಹೊತ್ಕೊಂಡು ನಾಲ್ಕು ಮಹಡಿ ಹತ್ತೋಕೆ ನಾನೇನು ಒಂಟೆನಾ? ...ನಗು, ನಗು. ಅಂಗಡಿ ಇಟ್ಟ ಮೇಲೆ ನಿನಗೆ ಏಣಿ ಮರೆತೇ ಹೋಯ್ತು. ಎಸಿ ರಿಪೇರಿಯವನ ಬೆನ್ನು ಹೇಗಿರುತ್ತೆ ಅಂತ ನಿನಗೂ ಹೇಳಬೇಕೇನೋ? ಹದಿನಾಲ್ಕು ವರ್ಷ ಇಬ್ಬರೂ ಒಂದೇ ಏಣಿ ಹಂಚ್ಕೊಂಡೋರು!

ಹ್ಞಾ, ಅದು ತೋರಿಸು, ಆ ನೀಲಿದು. ನೀರೂ ಎಳೆಯುತ್ತೆ ತಾನೆ? ಎಸಿ ಕೊಳವೇಲಿ ಬರೀ ನೀರಲ್ಲ, ಲೋಳೆ ಇರುತ್ತೆ, ಮರಳಿರುತ್ತೆ. ಬಸ್ರಾದ ಧೂಳುಗಾಳಿ ಯಾರ ಮನೇನ ಬಿಟ್ಟಿದೆ? ...ನೀರೆಳೆಯೋ ಮುಂಚೆ ಕಾಗದದ ಜರಡಿ ತೆಗೆದು ಸ್ಪಂಜು ಹಾಕಬೇಕು, ಗೊತ್ತು ಮಾರಾಯ! ಅದೂ ಗೊತ್ತಿಲ್ಲದ ದಡ್ಡನೇನೋ ನಿನ್ನ ಗೆಳೆಯ ಲಫ್ತಾ?

ಅಯ್ಯೋ... ಕರೆಂಟ್ ಹೋಯ್ತು! ಫ್ಯಾನ್ ನಿಂತ್ರೆ ನಿನ್ನ ಅಂಗಡಿ ರೊಟ್ಟಿ ಒಲೆ ಕಣೋ. ಜನರೇಟರ್‌ನವನು ಸತ್ನಾ? ...ಶಟರ್ ಯಾಕೆ ಇಳಿಸ್ತೀಯ? ಹೂಂ, ಬಿಸಿಗಾಳಿ ನುಗ್ಗುತ್ತೆ, ಸರಿ. ಪೂರ್ತಿ ಬೇಡ, ಒಂದು ಗೇಣು ಬಿಡು. ಉಸಿರಾಡೋಕೆ.

ಇದೇನಿದು, ಹಿಂದೆ ಇನ್ನೊಂದು ತೂತು? ಗಾಳಿ ಊದೋಕಾ? ಬೇಡ, ಬೇಡ! ...ಎಲ್ಲದರಲ್ಲೂ ಇರುತ್ತೆ ಅಂದ್ರೆ? ಊದೋ ಬಾಯಿ ಇಲ್ಲದ್ದು ಒಂದೂ ಇಲ್ವಾ ಇಷ್ಟು ದೊಡ್ಡ ಅಂಗಡೀಲಿ? ...ಯಾಕೆ ಅಂದ್ರೆ... ಬೇಡ, ಅಷ್ಟೇ. ನನಗೆ ಎಳೆಯೋದು ಸಾಕು. ಅಪ್ಪಿತಪ್ಪಿ ಪೈಪು ಆ ಬಾಯಿಗೆ ಸಿಕ್ಕಿಸಿದೆ ಅನ್ನು. ಅವಸರದಲ್ಲಿ, ಉಪವಾಸದ ಮಧ್ಯಾಹ್ನ, ತಲೆ ತಿರುಗ್ತಿರುತ್ತೆ... ಮುಗೀತು! ಕಟ್ಟಡದ ಅಷ್ಟೂ ಎಸಿ ನೀರು ಇಳಿಯೋದು ಒಂದೇ ಕೊಳವೇಲಿ. ಮೇಲಿನ ಮನೇಲಿ ಊದಿದ್ರೆ ಕೆಳಗಿನ ಮನೇಲಿ ಕಾರುತ್ತೆ. ...ಮಾತಿಗೆ ಹೇಳಿದೆ ಕಣೋ.

ಹಳೇದಾ? ಹಳೇದು... ಸುಟ್ಟುಹೋಯ್ತು. ಮೋಟರು. ...ತಂದುಕೊಡೋಕೆ ಆಗಲ್ಲ, ನದೀಲಿ ಬಿತ್ತು. ದೋಣಿಯಿಂದ. ...ಸುಟ್ಟ ಮೇಲೆ ಬಿತ್ತು! ಹಾಗೇಕೆ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಆಸಾಮಿಯಲ್ಲ ನಾನು. ಒಣನಿಂಬೆ ಚಹಾ ಇದ್ರೆ ಕೊಡು.

ನೋಡು, ನಿನ್ನ ನೋವು ನನಗೆ ಗೊತ್ತಿಲ್ವಾ? ಹೋದ ರಂಜಾನಿನಲ್ಲಿ ನೀನು ಎರಡನೇ ಮಹಡೀಲಿ ಆ ಅಜ್ಜಿ ಮನೆ ಎಸಿ ತೊಳೆದೆ. ಮಾರನೇ ದಿನವೇ ಅದು ಕಪ್ಪು ನೀರು ಸುರೀತು, ಆ ಅಜ್ಜಿ ಜಾರಿ ಸೊಂಟ ಮುರ್ಕೊಂಡಳು. ಯಾರನ್ನ ಹಿಡೀತಾರೆ? ನಿನ್ನನ್ನೇ! 'ಕೆಲಸಗೇಡಿ ಖುದೈರ್!' ಆಮೇಲೆ ಒಂದು ಮನೆಯವರಾದ್ರೂ ನಿನಗೆ ಬಾಗಿಲು ತೆಗೆದ್ರಾ? ನ್ಯಾಯ ಹೇಳೋ ಹಿರಿಯರ ಮುಂದೆ ನೀನು ತಲೆತಗ್ಗಿಸಿ ಕೂತಾಗ ಹೆಗಲ ಮೇಲೆ ಕೈ ಇಟ್ಟವನು ಯಾರು? ನಾನು. ನಾನೊಬ್ಬನೇ. ಪಾಪ, ಅಜ್ಜೀನ ಏನಂತ ಬೈಯೋದು? ಅವಳು ಚೀರಿದ್ದು ಈಗಲೂ ಕಿವೀಲಿದೆ. 'ಯಾ ಅಬ್ಬಾಸ್!' ಅಂತ ಮೊರೆಯಿಟ್ಟಿದ್ದು ಒಂದೇ ಸಲ. ಆಮೇಲೆ ತಾಮ್ರದ ತಟ್ಟೆ ಉರುಳಿದ ಸದ್ದು...

ಏನು?

ನನ್ನ ಕಿವೀಲಿ ಅಂದ್ನಾ? ಅಲ್ಲ, ಜನ ಹೇಳಿದ್ದು. ...ಯಾರು ಅಂದ್ರೆ... ಅವಳ ಮಕ್ಕಳು. ...ಮಕ್ಕಳು ಮನೇಲಿರಲಿಲ್ಲ, ಹೌದು. ಒಬ್ಬಳೇ ಇದ್ದಳು. ಹೌದಪ್ಪ. ...ನಾನಾ? ನಾನು ಆವತ್ತು ಜುಬೈರ್ ಊರಲ್ಲಿದ್ದೆ, ನಿನಗೇ ಹೇಳಿದ್ನಲ್ಲ...

ಖುದೈರ್. ಶಟರ್ ಯಾಕೆ ಪೂರ್ತಿ ಇಳಿಸಿದೆ?

ಮಾತಾಡೋ. ಬೈಯೋ! ಆ ಚಹಾ ಮುಖಕ್ಕೆ ಎರಚು. ಹೀಗೆ ಬಾಗಿಲಿಗೆ ಅಡ್ಡ ನಿಲ್ಲಬೇಡ... ಉಸಿರು ಕಟ್ಟುತ್ತೆ.

ಮೂರನೇ ಮಹಡೀಲಿದ್ದೆ. ಸರೀನಾ? ಅವಳ ಮೇಲಿನ ಮನೇಲಿ! ಕಣ್ಣಿಗೆ ಕತ್ತಲೆ ಬರ್ತಿತ್ತು, ಪೈಪು ಯಾವ ಬಾಯಿಗೆ ಸಿಕ್ಕಿಸಿದೆ ಅಂತ ನೋಡಲೇ ಇಲ್ಲ. ಅವಳು ಚೀರಿದಳು. ಯಂತ್ರ ಎತ್ಕೊಂಡು ಮೆಟ್ಟಿಲಿಳಿದೆ. ಅವಳ ಬಾಗಿಲ ಮುಂದೆಯೇ ಇಳಿದೆ ಕಣೋ, ಒಳಗೆ ನರಳ್ತಿದ್ದಳು... ನಿಲ್ಲಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಅನ್ನೋವಷ್ಟರಲ್ಲಿ ನಿನ್ನ ಹೆಸರು ಬಂದಿತ್ತು.

ಇದನ್ಯಾಕೆ ಕಟ್ತೀಯ? ನೀಲಿದನ್ನೇ? ಎರಡು ಬಾಯಿಯದ್ದು ಬೇಡ ಅಂದೆನಲ್ಲ... ಯಾಕೋ ನನ್ನ ಕೈಗೇ ಕೊಡ್ತೀಯ?

ಸರಿ. ಹೋಗ್ತೀನಿ. ಅಜ್ಜಿ ಮನೆಗೆ, ಆಮೇಲೆ ಹಿರಿಯರ ಹತ್ರ. ಎತ್ತು ಶಟರ್... ನೀನೂ ಬಾರೋ. ...ಬರಲ್ವಾ? ಖುದೈರ್, ಅಲ್ಲಿ ತಲೆತಗ್ಗಿಸಿ ಕೂತಾಗ ನನ್ನ ಹೆಗಲ ಮೇಲೆ ಕೈ ಇಡೋಕೆ ಒಬ್ಬನಾದ್ರೂ ಬೇಡ್ವೇನೋ...