ಇಳಿಯುವವರು ಇಳಿಯಬಹುದು ಎಂದದ್ದರ ಬಗ್ಗೆ

ಹೆಸರು, ಊರು ಮೇಲಿನ ಕಾಲಂನಲ್ಲಿ ಬರೆದಿದ್ದೇನೆ. ವಯಸ್ಸು ಐವತ್ತು, ಕಸುಬು ಹೊಲಿಗೆ, ಓದಿದ್ದು ಏಳನೇ ಕ್ಲಾಸು. ಸದ್ಯ ಆಸ್ಪತ್ರೆಗೆ ಮೂರು ಸ್ಟೇಷನ್ ದೂರದ ಲಾಡ್ಜಿನಲ್ಲಿ ವಾಸ. ನಾನು ಬೇಕೆಂದೇ ತನ್ನನ್ನು ರೈಲಿನಲ್ಲಿ ಬಿಟ್ಟುಹೋದೆನೆಂದು ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಹೇಳಿದ್ದಾಳೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ನನ್ನ ಕೈಯಾರೆ ಬರೆದು ಕೊಡುತ್ತಿದ್ದೇನೆ.

ಇವತ್ತು ನನ್ನ ಉಪವಾಸ. ಐದಕ್ಕೆ ಎದ್ದು, ಕೋಣೆ ಗುಡಿಸಿ, ಎರಡು ಬಕೆಟ್ ನೀರು ಹಿಡಿದು, ಅತ್ತೆಯ ಬಟ್ಟೆ ಒಗೆದು ಹರವಿ, ದೇವರಿಗೆ ಕೈಮುಗಿದೆ. ಅತ್ತೆ ಆಸ್ಪತ್ರೆ ಸೇರಿ ಒಂಬತ್ತು ದಿನ. ನಾವಿಬ್ಬರು ಸೊಸೆಯಂದಿರು ಮಾತು ಬಿಟ್ಟು ನಾಲ್ಕು ವರ್ಷ. ಅವಳ ಮಗಳ ಮದುವೆ ಸಂಬಂಧದ ವಿಷಯದಲ್ಲಿ ನಾನು ನಾಲ್ಕು ಜನರೆದುರು ಒಂದು ಮಾತು ಹೆಚ್ಚು ಆಡಿದ್ದೆ. ತಪ್ಪು ನನ್ನದೇ. ಮನೆಯಲ್ಲಿ ಏನಿದ್ದರೂ ಅತ್ತೆಯ ಮೂಲಕ ಹೇಳಿಕೊಳ್ಳುತ್ತೇವೆ. ಲಾಡ್ಜಿನಲ್ಲಿ ನಾವಿಬ್ಬರೂ ಒಂದೇ ಕೋಣೆ, ಅತ್ತೆ ಇಲ್ಲ, ಗೋಡೆಗೆ ಹೇಳುತ್ತೇವೆ. ನೀರು ಕಾದಿದೆ, ಸ್ನಾನ ಮಾಡುವವರು ಮಾಡಬಹುದು ಎಂದು ನಾನು ಗೋಡೆಗೆ ಹೇಳಿದರೆ ಅವಳು ಟವೆಲ್ ಎತ್ತಿಕೊಳ್ಳುತ್ತಾಳೆ.

8.40ಕ್ಕೆ ಹೊರಟೆವು. ಅವಳು ಹತ್ತು ಹೆಜ್ಜೆ ಹಿಂದೆ. ಈ ಊರಿನದು ನೆಲದಡಿಯ ರೈಲು, ಮೆಟ್ಟಿಲು ಇಳಿದಷ್ಟೂ ಇಳಿಯುವುದೇ. ಯಾವ ಬಾಗಿಲಿಂದ ಹೊರಬಿದ್ದರೆ ಯಾವ ರಸ್ತೆ ಎಂದು ಇನ್ನೂ ತಿಳಿದಿಲ್ಲ, ಕಾಲು ಮಾತ್ರ ಬಾತುಕೊಂಡಿವೆ. ಬೋರ್ಡು ಓದಲು ಅವಳಿಗೆ ಬರುವುದಿಲ್ಲ. ಫೋನು ಇರುವುದು ನನ್ನ ಬಳಿ ಒಂದೇ. ದಿನಾ ನಾನು ಇಳಿದಲ್ಲಿ ಅವಳೂ ಇಳಿಯುತ್ತಿದ್ದಳು.

ಇವತ್ತು ವಿಪರೀತ ನೂಕುನುಗ್ಗಲು. ನಮ್ಮ ನಡುವೆ ಎರಡು ಮೊಳ ಅಂತರ, ಅದರಲ್ಲಿ ಒಬ್ಬ ದಪ್ಪನೆಯ ಮನುಷ್ಯ. 9.05ಕ್ಕೆ ಆಸ್ಪತ್ರೆಯ ಸ್ಟೇಷನ್ ಬಂತು. ಇಳಿಯುವವರು ಇಳಿಯಬಹುದು ಎಂದು ಗಾಳಿಗೆ ಹೇಳಿದೆ. ಆ ಮನುಷ್ಯ ತಿರುಗಿ, ನಾನು ಮುಂದಿನದರಲ್ಲಿ ಇಳಿಯೋನಮ್ಮಾ, ನೀವು ಇಳೀರಿ ಎಂದ. ಇಳಿದೆ. ಅವಳು ಕಂಬಿ ಹಿಡಿದು ನಿಂತಲ್ಲೇ ತೂಕಡಿಸುತ್ತಿದ್ದಳು. ಅದು ನನಗೆ ಕಾಣುತ್ತಿತ್ತು. ಕೈ ಚಾಚಿದ್ದರೆ ಸೆರಗು ಸಿಗುತ್ತಿತ್ತು. ಚಾಚಲಿಲ್ಲ. ಬಾಗಿಲು ಮುಚ್ಚಿತು. ಗಾಜಿನಾಚೆ ಅವಳು ಕಣ್ಣು ಬಿಟ್ಟು ಬಾಯಿ ತೆರೆದಳು. ಅಕ್ಕಾ ಎಂದಿರಬೇಕು, ಕೇಳಿಸಲಿಲ್ಲ.

ತಿರುಗಿ ಬಂದಾಳೆಂದು ಅಲ್ಲೇ ಕಾದೆ. 10.30ರವರೆಗೆ ಇಪ್ಪತ್ತೊಂದು ರೈಲು ಬಂದು ಹೋದವು. ಆಮೇಲೆ ಗಾರ್ಡಿಗೆ ಹೇಳಿದೆ. ಅವರು ಚಹರೆ ಕೇಳಿದರು. ಹಸಿರು ಸೀರೆ, ಎಡಗಾಲಿನ ಚಪ್ಪಲಿಗೆ ಪಿನ್ನು, ಬಲಗೈ ಮೇಲೆ ಸುಟ್ಟ ಕಲೆ, ನಡೆಯುವಾಗ ಸೊಂಟ ಹಿಡಿದುಕೊಳ್ಳುವುದು, ಎಲ್ಲ ಹೇಳಿದೆ. ನಿಮ್ಮಿಬ್ಬರಲ್ಲಿ ಕೊನೆಗೆ ಏನು ಮಾತಾಯಿತು ಎಂದರು. ಅದಕ್ಕೆ ಚಪ್ಪಲಿಯ ಪಿನ್ನಿನ ವಿಷಯ ಇನ್ನೊಮ್ಮೆ ಹೇಳಿದೆ. ಅವರು ನನ್ನನ್ನು ಈ ಪೊಲೀಸ್ ಚೌಕಿಗೆ ಕರೆತಂದು ಕೂರಿಸಿದರು.

2.10ಕ್ಕೆ ಇಲ್ಲಿನ ಪೊಲೀಸಮ್ಮನವರು ಫೋನಿನಲ್ಲಿ ಮಾತಾಡಿ, ಅವಳು ಇಪ್ಪತ್ತೆರಡು ಕಿಲೋಮೀಟರ್ ಆಚೆ ಕೊನೆಯ ಸ್ಟೇಷನ್ನಿನ ಚೌಕಿಯಲ್ಲಿದ್ದಾಳೆ, ನೀರೂ ಮುಟ್ಟಿಲ್ಲ, ಬಿಟ್ಟು ಹೋದವರ ಜೊತೆ ನಾನ್ಯಾಕೆ ಬರಲಿ ಅಂತ ಬೆಂಚು ಬಿಟ್ಟು ಏಳುತ್ತಿಲ್ಲ ಎಂದರು.

ಅವಳು ಹೇಳಿದ್ದು ಅರ್ಧ ಸರಿ. ಬಿಟ್ಟುಹೋಗಬೇಕೆಂದು ನಾನು ಇಳಿಯಲಿಲ್ಲ. ಹೆಸರು ಹಿಡಿದು ಕರೆಯಲೂ ಇಲ್ಲ. ದೇವರು ನೋಡುತ್ತಿದ್ದಾನೆ, ನಡೆದದ್ದು ಇಷ್ಟೇ. ಇದರಲ್ಲಿ ಸೇರಿಸಿದ್ದೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ.

ಸ್ಥಳ: ಆಸ್ಪತ್ರೆ ಸ್ಟೇಷನ್ನಿನ ಪೊಲೀಸ್ ಚೌಕಿ
ಇದೇ ದಿನ, ಮಧ್ಯಾಹ್ನ 2.50
(ಸಹಿ)

ಪೊಲೀಸಮ್ಮನವರಲ್ಲಿ ವಿನಂತಿ: ಇದನ್ನು ಫೋನಿನಲ್ಲಿ ಅವಳಿಗೆ ಪೂರ್ತಿ ಓದಿ ಹೇಳಿ. ಮೊದಲು ನೀರು ಕುಡಿಯಲಿ. ಬಾ ಎಂದರೆ ಈಗಲೇ ಹೊರಟು ಅಲ್ಲಿಗೇ ಹೋಗುತ್ತೇನೆ. ಅವಳ ಉತ್ತರ ನನಗೆ ತಂದುಕೊಡಿ. ಬೈದಿದ್ದರೆ ಬೈದ ಹಾಗೇ ತನ್ನಿ.