ಎರಡಕ್ಕೂ ಒಂದೇ ವ

ಅಣ್ಣಾ, ಒಂದ್ನಿಮಿಷ! ನರ್ಸುಗಳಿಗೆ ಇಂಗ್ಲಿಷ್ ಪರೀಕ್ಷೆ ನಡೆಯೋ ಕಟ್ಟಡಕ್ಕೆ ಹೇಗೆ ಹೋಗ್ಬೇಕು?... ಸೇತುವೆ ದಾಟಿ ಬಲಕ್ಕಾ? ಉಪಕಾರ ಆಯ್ತು.

ನೋಡಿದ್ಯೇನೇ ಪುಟ್ಟೀ, ಅಷ್ಟು ದೇಶ ಸುತ್ತಿದ ನಿನ್ನಕ್ಕ ನಮ್ಮೂರಲ್ಲೇ ದಾರಿ ತಪ್ಪಿದ್ಲು! ನಗು, ನಗು. ಟೈಮಿದೆ. ಅಷ್ಟರಲ್ಲಿ ಇನ್ನೊಂದ್ಸಲ ಹೇಳು. ತಲೆ ಮೇಲಿರೋ ಕಾರಿನ ಕನ್ನಡಿ ಇಳಿಸ್ಕೋ, ತುಟಿ ನೋಡ್ಕೋ... ಹಾಂ. ಒದ್ದೆ ಅನ್ನೋ ವೆಟ್ಟಿಗೆ ಸೀಟಿ ಹೊಡೆಯೋ ಹಾಗೆ ತುಟಿ ಗುಂಡಗೆ. ದನದ ಡಾಕ್ಟರ್ ವೆಟ್ಟಿಗೆ ಮೇಲಿನ ಹಲ್ಲು ಕೆಳತುಟಿ ಮೇಲೆ. ನಮಗೆ ಎರಡಕ್ಕೂ ಒಂದೇ ವ. ಬ್ರಹ್ಮಚಾರಿ ಮನೆ ಚಮಚದ ಹಾಗೆ, ಉಪ್ಪಿಗೂ ಅದೇ, ಸಕ್ಕರೆಗೂ ಅದೇ! ಅಲ್ಲಿ ಹೋಗಿ ರೋಗಿ ಹಾಸಿಗೆ ದನದ ಡಾಕ್ಟರಾಗಿದೆ ಅಂದ್ರೆ ನಿನ್ನನ್ನೇ ಮಲಗಿಸ್ತಾರೆ.

ಪೇಶೆಂಟ್ಸ್, ಪೇಶೆನ್ಸ್?... ಸರಿ. ಕಿವಿಗೆ ಎರಡೂ ಒಂದೇ, ಅಕ್ಕಪಕ್ಕದ ಮಾತು ಹಿಡ್ಕೊಂಡೇ ರೋಗಿಗಳೋ ತಾಳ್ಮೆಯೋ ಅಂತ ತಿಳ್ಕೋಬೇಕು. ಅಬ್ಬಾ, ಒಂದೂ ತಪ್ಪಿಲ್ಲ... ಪಾಸಾಗ್ತೀಯ ಬಿಡು. ಆಮೇಲೆ ವಿಮಾನ, ಹೊರದೇಶದ ಆಸ್ಪತ್ರೆ...

ನನ್ನ ಮಗಳಿಗೆ ಹೇಳಿದ್ಯಾ? ನಿನ್ನನ್ನ ಅಮ್ಮ ಅಂತಾಳೆ, ಹೆತ್ತ ನನ್ನನ್ನ ಸೂಟ್‌ಕೇಸಮ್ಮ ಅಂತಾಳೆ. ಅನ್ನಲಿ. ದುಭಾಷಿ ಕೆಲಸ ಅಂತ ಊರೂರು ತಿರುಗೋಳಿಗೆ ಇನ್ನೇನಂತಾಳೆ? ಆದ್ರೆ ನೀನು ಹೋದ್ಮೇಲೆ ಮಗು ಹೆದರ್ಕೊಂಡ್ರೆ, ಜ್ವರ ಬಂದ್ರೆ...

ವೆಸ್ಟ್ ಹೇಳು. ಪಶ್ಚಿಮ ಒಂದು, ಬನಿಯನ್ ಒಂದು... ಪುಟ್ಟೀ? ಏನದು ಅಷ್ಟೊಂದು ಹೊರಗೆ ನೋಡ್ತೀಯ? ಟೈರ್ ಅಂಗಡಿ. ಹೂಂ, ಆಗಲೂ ಒಂದು ಟೈರ್ ಅಂಗಡಿ ಬಂತು. ಟೈರ್ ಅಂಗಡಿಗಳೆಲ್ಲ ಒಂದೇ ಥರ ಇರ್ತವೆ ಕಣೇ. ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿರೋ ಮುದುಕಪ್ಪನೂ... ಅದೇ ಮುದುಕಪ್ಪ...

ಬೈಯೇ ನನ್ನ!

ಹೌದು. ದಾರಿ ಹೇಳಿದೋನು ಬಲಕ್ಕೆ ಅಂದ, ನಾನು ಎಡಕ್ಕೆ ತಿರುಗಿಸ್ದೆ. ಕೇಳೋ ಮೊದಲೇ ದಾರಿ ಗೊತ್ತಿತ್ತು. ನೀನು ತಪ್ಪು ಹೇಳ್ತಿರೋವರೆಗೂ ಖುಷಿಯಿಂದ ಕಲಿಸ್ದೆ ಕಣೇ. ಬೆಳಿಗ್ಗೆ ಅಡುಗೆಮನೇಲಿ ಪಾತ್ರೆ ಉಜ್ಜುತ್ತಾ ಎಲ್ಲಾ ಸರಿಯಾಗಿ ಹೇಳಿದೆ ನೋಡು... ಆಗಲೇ ನೀನು ಹೋಗೇಬಿಡ್ತೀಯ ಅಂತ ಗೊತ್ತಾಯ್ತು. ಮಗು ಹೆದರ್ಕೊಳ್ಳಲ್ಲ. ಹೆದರಿರೋಳು ನಾನು.

ಬಿಗಿಯಾಗಿ ಹಿಡ್ಕೋ, ತಿರುಗಿಸ್ತೀನಿ. ಹಿಂದಿನೋನು ಹಾರ್ನ್ ಹೊಡ್ಕೊಂಡು ಸಾಯಲಿ...

ಇದೇ ಗೇಟು. ಇನ್ನೂ ಒಳಗೆ ಬಿಡ್ತಿದ್ದಾರೆ, ಇಳಿ, ಓಡು! ಇಷ್ಟು ವರ್ಷ ನಾನು ಸುತ್ತಲಿ ಅಂತ ನೀನು ಮನೇಲಿದ್ದೆ. ಇನ್ನು ನಾನಿರ್ತೀನಿ. ಇವತ್ತಿಂದಾನೇ. ಮಗಳನ್ನ ಕರ್ಕೊಂಡು ಬರೋಕೆ ನಾನೇ ಹೋಗ್ತೀನಿ.

ಪುಟ್ಟೀ, ಒಂದ್ನಿಮಿಷ ನಿಲ್ಲೇ... ಹಾಗೆ ನೋಡ್ಬೇಡ. ಶಾಲೆ ಬಿಡೋದು ಎಷ್ಟೊತ್ತಿಗೆ?