ಮುಚ್ಚಳ ತೆಗೆದ ಸಾವಕಾರ

ತಾಯಂದಿರೇ, ಒಂದೂರು ಅಂತಿಟ್ಟುಕೊಳ್ಳಿ. ಅಲ್ಲೊಬ್ಬ ಸಾವಕಾರ. ಹೊಲ, ಗಿರಣಿ, ಮೂರು ಅಂತಸ್ತಿನ ಮನೆ, ಏನಿರಲಿಲ್ಲ ಅವನಿಗೆ? ಆದರೆ ಅವನ ಜೀವ ಇದ್ದದ್ದು ಹೊಲದಂಚಿನ ಮುದಿ ಮಾವಿನಮರದಲ್ಲಿ. ಅದರ ಟೊಂಗೆಗೆ ಅಂಟಿಕೊಂಡು ಒಂದು ಆರ್ಕಿಡ್ ಗಿಡ ಬೆಳೆದಿತ್ತು. ತೀರಿಹೋದ ಹೆಂಡತಿ ವರ್ಷಕ್ಕೊಮ್ಮೆ ಆ ಹೂ ಮುಡಿಯುತ್ತಿದ್ದಳು. ಕಾಡಿನಲ್ಲಿದ್ದ ಅದರ ಬಳಗವನ್ನೆಲ್ಲ ಜನ ಕಿತ್ತು ಮಾರಿಕೊಂಡಿದ್ದರು, ಉಳಿದದ್ದು ಇದೊಂದೇ. ಒಂದು ದಿನ ಮಳೆಗಾಳಿಗೆ ಮರ ಉರುಳಿತು, ಗಿಡ ಜಜ್ಜಿಹೋಯಿತು. ಸಾವಕಾರನ ಕೈಗೆ ಸಿಕ್ಕಿದ್ದು ಒಂದು ಹಸಿರು ಕಾಯಿ, ಅಷ್ಟೇ.

ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಪಟ್ಟಣದ ಪ್ರಯೋಗಾಲಯಕ್ಕೆ ಓಡಿದ. ಅಲ್ಲೊಬ್ಬಳು ಹೆಣ್ಣುಮಗಳು, ಗಾಜಿನ ಬಾಟಲಿಯಲ್ಲಿ ಗಿಡ ಬೆಳೆಸುವುದೇ ಅವಳ ಕೆಲಸ. ಕಾಯಿಯನ್ನು ತೊಳೆದು, ಹೊರಮೈಯ ಕೊಳೆ ಸುಟ್ಟುಹೋಗಲೆಂದು ಬೆಂಕಿಯ ಮೇಲೆ ಆಡಿಸಿ, ಸೀಳಿದಳು. ಒಳಗೇನಿತ್ತು? ಧೂಳು! ಬರೀ ಹಳದಿ ಧೂಳು!

"ಇದೇನವ್ವಾ, ಕಾಯಿ ಕೆಟ್ಟೈತೇನು?"

"ಧೂಳಲ್ರೀ ಸಾವಕಾರ್ರ, ಬೀಜ. ಲಕ್ಷಗಟ್ಲೆ ಅದಾವು."

ನೋಡಿ, ಎಂಥ ಸೋಜಿಗ! ತೆಂಗಿಗೆ, ಕಡಲೆಗೆ, ಹುಣಸೆಗೆ ತಾಯಿಗಿಡ ಬೀಜದೊಳಗೇ ಬುತ್ತಿ ಕಟ್ಟಿ ಕಳಿಸುತ್ತಾಳೆ. ಈ ಬೀಜಕ್ಕೆ ಬುತ್ತಿಯೇ ಇಲ್ಲ, ಬರಿಗೈಯಲ್ಲಿ ಗಾಳಿಗೆ ಬಿಟ್ಟುಬಿಡುತ್ತಾಳೆ. ಕಾಡಿನಲ್ಲಿ ಅದಕ್ಕೆ ಉಣಿಸುವವರು ಯಾರು ಗೊತ್ತೇ? ತೊಗಟೆಯೊಳಗಿನ ಬೂಷ್ಟು! ನಾವು ಛೀ ಅಂತ ಒರೆಸಿ ಎಸೆಯುತ್ತೇವಲ್ಲ, ಅದೇ ಕುಲದ್ದು. ಈ ದಿಕ್ಕಿಲ್ಲದ ಕೂಸಿಗೆ ಉಣಿಸು ಅಂತ ಅದಕ್ಕೆ ಹೇಳಿಕೊಟ್ಟವರು ಯಾರು?

ಪ್ರಯೋಗಾಲಯದಲ್ಲಿ ಆ ಬೂಷ್ಟಿಲ್ಲ. ಅದಕ್ಕೇ ಅವಳು ಸಕ್ಕರೆ ಬೆರೆಸಿದ ಗಟ್ಟಿ ಗಂಜಿಯಂಥ ಆಹಾರವನ್ನು ಮೂರು ಬಾಟಲಿಗೆ ಹಾಕಿ, ಬೀಜ ಬಿತ್ತಿ, ಮುಚ್ಚಳ ಬಿಗಿದಳು.

"ಸೋಮಾರಕ್ಕೊಮ್ಮೆ ಬಂದು ನೋಡ್ರಿ. ಮುಚ್ಚಳ ಮಾತ್ರ ಮುಟ್ಟಬ್ಯಾಡ್ರಿ. ಹೊರಗಿನ ಬೂಷ್ಟು ಒಂದು ಕಣ ಒಳಗ ಹೋದ್ರ, ಸಕ್ಕರಿ ತಿಂದು ಕೂಸುಗಳನ್ನೂ ನುಂಗತೈತಿ."

ನಾಲ್ಕು ತಿಂಗಳಿಗೆ ಗಾಜಿನೊಳಗೆ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆಗಳು! ಸಾವಕಾರನಿಗೆ ಆನಂದ ತಡೆಯಲಾಗಲಿಲ್ಲ. ಮುಂದಿನ ಸೋಮವಾರ ಮನೆದೇವರ ಅಂಗಾರ, ಅದೇ ಗುಡಿಯ ಬೂದಿ, ಪೊಟ್ಟಣ ಕಟ್ಟಿಕೊಂಡು ಬಂದ. ಅವಳು ಆಚೆ ಹೋದದ್ದೇ ತಡ, ಒಂದು ಮುಚ್ಚಳ ತೆಗೆದು ಚಿಟಿಕೆ ಅಂಗಾರ ಉದುರಿಸಿದ. ಎರಡನೆಯದಕ್ಕೂ ಉದುರಿಸಿದ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹೆಜ್ಜೆ ಸಪ್ಪಳ ಕೇಳಿ ಕೈ ಹಿಂತೆಗೆದ.

ವಾರ ಬಿಟ್ಟು ಬಂದು ನೋಡುತ್ತಾನೆ, ಎರಡೂ ಬಾಟಲಿಯಲ್ಲಿ ಅರಳೆ ತುರುಕಿದಂತೆ ಬೂಷ್ಟು. ಒಂದು ಹಸಿರು ಚುಕ್ಕೆಯೂ ಉಳಿದಿಲ್ಲ.

"ನಾನ ಕೊಂದೆನವ್ವಾ. ದೇವರ ಅಂಗಾರ, ಕೇಡು ಹೆಂಗ ಮಾಡೀತು ಅಂತ ಹಾಕಿದೆ."

"ಕೊಂದಾಂವ ದೇವರಲ್ರೀ. ಮುಚ್ಚಳ ತೆಗದ ಕೈ ಕೊಂದೈತಿ." ಕೆಟ್ಟ ಬಾಟಲಿ ಎರಡನ್ನೂ ಅವಳು ಪಕ್ಕಕ್ಕಿಟ್ಟಳು. "ಇನ್ನೊಂದು ಉಳದೈತಿ. ಪ್ರೀತಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ದೂರ ಕುಂತು ಮಾಡ್ರಿ."

ಕೂತ. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಸೋಮವಾರದ ಮೇಲೆ ಸೋಮವಾರ ಕೂತ. ವರ್ಷ ಕಳೆಯಿತು, ಬಾಟಲಿ ತುಂಬ ಎಲೆ. ಆಮೇಲೆ ಸಣ್ಣ ಕುಂಡ, ಇದ್ದಿಲು, ತೆಂಗಿನ ನಾರು. ಆರನೆಯ ವರ್ಷ, ಒಂದಲ್ಲ, ಎರಡಲ್ಲ, ಮುನ್ನೂರು ಗಿಡ ಹೂಬಿಟ್ಟವು! ಬುತ್ತಿಯಿಲ್ಲದೆ ಬಂದ ಧೂಳು, ತಾಯಂದಿರೇ, ಆ ಧೂಳು!

"ಈಗ ಮುಟ್ಟಬಹುದ್ರೀ ಸಾವಕಾರ್ರ" ಅಂದಳು. ಆತ ಮುಟ್ಟಲಿಲ್ಲ. ಕೈಮುಗಿದು ನಿಂತು ಬಿಕ್ಕಿ ಬಿಕ್ಕಿ ಅತ್ತ.

ಈಗ ನೀವು ಹೇಳಿ. ಸಾವಕಾರ ಕೆಟ್ಟವನೇ? ಅವನಿಗೆ ಪ್ರೀತಿ ಇರಲಿಲ್ಲವೇ? ಇತ್ತು. ನಿಮಗೂ ಇದೆ. ಅದಕ್ಕೇ ಮಗ ಓದಲು ಕೂತರೆ ಹತ್ತು ಸಲ ಇಣುಕುತ್ತೀರಿ. ಸೊಸೆ ಸಾರಿಗಿಟ್ಟರೆ ನೀವೂ ಹೋಗಿ ಉಪ್ಪು ಹಾಕುತ್ತೀರಿ. ನಗಬೇಡಿ, ಹಿಂದಿನ ಸಾಲಿನ ಅತ್ತೆಯರೇ, ನಿಮಗೇ ಹೇಳಿದ್ದು! ಮದುವೆಯಾದ ಮಗಳಿಗೆ ದಿನಕ್ಕೆ ಆರು ಸಲ ಫೋನು, "ಏನಂದಳು ನಿನ್ನ ಅತ್ತೆ?" ಅಂತ. ಈಗಷ್ಟೇ ಚಿಗುರುತ್ತಿರುವ ಸಂಸಾರ ಅದು. ನಾಳೆಯಿಂದ ಒಂದೇ ಫೋನು. "ಉಂಡೆಯಾ ಮಗಳೇ?" ಅಂತ ಕೇಳಿ. "ಉಂಡೆ" ಅಂದಳೇ? ಇಟ್ಟುಬಿಡಿ.